ಅಕ್ಕ ತಂಗಿಯರ ನಾಡಿ

ಆಲೂಗಡ್ಡೆ ಕೀಳುವ ಕಾಲ. ಬೆಳಗಿನ ಇಬ್ಬನಿ ಆರುವ ಮೊದಲೇ ಶೀತಲ ಗೋದಾಮಿನ ಗೇಟಿನಿಂದ ರಸ್ತೆಯ ತಿರುವಿನವರೆಗೂ ಟ್ರ್ಯಾಕ್ಟರುಗಳು ಒಂದರ ಬಾಲ ಒಂದು ಹಿಡಿದು ನಿಂತಿದ್ದವು. ಹಸಿಮಣ್ಣಿನ ವಾಸನೆ ಆಫೀಸಿನೊಳಗೂ ಬಂದು ಕೂತಿತ್ತು. ಗೇಟಿನ ಕಿಟಕಿಗಳಲ್ಲಿ ಟೋಕನ್ ಪಡೆಯುವುದು, ತೂಕದ ಕಟ್ಟೆ ಏರುವುದು, ಮೂಟೆಗಳನ್ನು ತಣ್ಣನೆಯ ಕೋಣೆಗೆ ಇಳಿಸುವುದು, ಕೆಲಸ ತನ್ನ ಪಾಡಿಗೆ ಸಾಗಿತ್ತು.

ಇದನ್ನೆಲ್ಲ ನಡೆಸುತ್ತಿದ್ದುದು ಮೂಲೆಯ ಕೋಣೆಯ ಎರಡು ಸರ್ವರುಗಳು. ಒಂದಕ್ಕೆ ಅಕ್ಕ ಎಂದೂ ಇನ್ನೊಂದಕ್ಕೆ ತಂಗಿ ಎಂದೂ ಹೆಸರು. ಅಕ್ಕ ದುಡಿಯುವಾಗ ತಂಗಿ ಸುಮ್ಮನೆ ಕೂತು ಅಕ್ಕನ ನಾಡಿ ಹಿಡಿದು ನೋಡುತ್ತಿರುತ್ತಾಳೆ. ನಾಡಿ ನಿಂತಿತೋ, ಸೊಂಟ ಬಿಗಿದು ತಾನೇ ಕೆಲಸಕ್ಕೆ ಇಳಿಯುತ್ತಾಳೆ. ಆ ನಾಡಿ ಹಾಯುವುದು ಗೋಡೆಯ ಬುಡದಲ್ಲಿದ್ದ, ಅಂಗೈಯಗಲದ ಕರಿ ಡಬ್ಬಿಯ ಮೂಲಕ.

ಅಕ್ಕ ತಂಗಿಯರನ್ನು ನೋಡಿಕೊಳ್ಳುವವರೂ ಇಬ್ಬರೇ. ಹಗಲಿಗೆ, ಎಲ್ಲರೂ ‘ಮೆಷಿನ್ ಡಾಕ್ಟ್ರು’ ಎಂದು ಕರೆಯುವ ನಮ್ಮ ಆಸಾಮಿ. ರಾತ್ರಿಗೆ ಅವನ ಹೆಂಡತಿಯ ಅಣ್ಣ. ಇಬ್ಬರಲ್ಲಿ ಒಬ್ಬ ಊರಲ್ಲಿ ಇರಲೇಬೇಕೆಂಬುದು ಮ್ಯಾನೇಜರರ ಕಟ್ಟಪ್ಪಣೆ.

ಡಾಕ್ಟ್ರ ಹೆಂಡತಿ ತವರಿನಲ್ಲಿ ಹೆಣ್ಣುಮಗು ಹೆತ್ತಿದ್ದಳು. ಮಗು ಆಗಲೇ ನಗಲು ಕಲಿತಿತ್ತು. ಅಪ್ಪ ಮಾತ್ರ ಅದರ ಮುಖ ಕಂಡಿದ್ದು ಫೋನಿನಲ್ಲೇ. ರಜೆ ಕೇಳಿ ಕೇಳಿ ಅವನ ನಾಲಿಗೆ ಸವೆದ ಮೇಲೆ ಮ್ಯಾನೇಜರು ಕರಗಿದ್ದರು.

“ಹೊಸ ಫರ್ಮ್‌ವೇರ್ ಬಂದಿದೆ. ಎರಡಕ್ಕೂ ಹಾಕಿ. ಒಂದು ಟ್ರ್ಯಾಕ್ಟರೂ ನಿಲ್ಲಬಾರದು. ಆಮೇಲೆ ಸಂಜೆ ಬಸ್ಸಿಗೆ ಹೊರಡಿ.”

ಫರ್ಮ್‌ವೇರ್ ಎಂದರೆ ಯಂತ್ರದ ಹುಟ್ಟುಬುದ್ಧಿ. ಅದನ್ನು ಬದಲಿಸಬೇಕಾದರೆ ಯಂತ್ರವನ್ನು ಒಮ್ಮೆ ಮಲಗಿಸಿ ಎಬ್ಬಿಸಬೇಕು. ಒಬ್ಬಳು ಮಲಗಿದಾಗ ಇನ್ನೊಬ್ಬಳು ದುಡಿದರೆ ಗೇಟಿನಲ್ಲಿ ಯಾರಿಗೂ ಗೊತ್ತೇ ಆಗುವುದಿಲ್ಲ.

ರಾತ್ರಿ ಪಾಳಿ ಮುಗಿಸಿ ಆಕಳಿಸುತ್ತ ಹೊರಟ ಭಾವ ಬಾಗಿಲಲ್ಲಿ ನಿಂತು ಹೇಳಿದ, “ಎಲ್ಲಾ ಸರಿಹೋದ್ರೆ ಊಟದ ಹೊತ್ತಿಗೆ ಒಂದು ಫೋನ್ ಹಾಕು. ನೀನು ಬರೋವರೆಗೂ ಹಗಲೂ ರಾತ್ರೀನೂ ನಾನೇ ನೋಡ್ಕೋತೀನಿ.”

“ಹಾಕದೆ ಇರ್ತೀನಾ ಭಾವ?”

ಡಾಕ್ಟ್ರು ಮೊದಲು ತಂಗಿಯನ್ನು ಮಲಗಿಸಿ, ಹೊಸ ಬುದ್ಧಿ ತುಂಬಿ ಎಬ್ಬಿಸಿದ. ಹಸಿರು ದೀಪ ಮಿಣುಕಿತು. ಅರ್ಧ ಗೆದ್ದಂತಾಯಿತು. ಆದರೆ ಕೋಣೆಯ ಎಸಿ ಮೊನ್ನೆಯಿಂದ ಕೆಮ್ಮುತ್ತ ಮಲಗಿತ್ತು. ಪಕ್ಕದ ಗೋಡೆಯಾಚೆ ಆಲೂಗಡ್ಡೆಗಳು ತಣ್ಣಗೆ ನಿದ್ದೆ ಮಾಡುತ್ತಿದ್ದರೆ, ಈಚೆ ಡಾಕ್ಟ್ರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

“ಏನ್ ಡಾಕ್ಟ್ರೇ, ಬೇಯಿಸಿದ ಆಲೂಗಡ್ಡೆ ಥರ ಆಗಿದ್ದೀರಲ್ಲ!” ಎನ್ನುತ್ತ ತೂಕದ ಗುಮಾಸ್ತ ಒಳಬಂದ. ಮನುಷ್ಯ ಬಹಳ ಮರುಕದವನು. ಓಡಿಹೋಗಿ ತನ್ನ ಟೇಬಲ್ ಫ್ಯಾನನ್ನೇ ಹೊತ್ತು ತಂದ. ಗೋಡೆಯಲ್ಲಿದ್ದ ಒಂದೇ ಸಾಕೆಟ್ಟಿಗೆ ಉದ್ದ ವೈರಿನ ಬೋರ್ಡೊಂದು ಸಿಕ್ಕಿಸಿತ್ತು. ಅದರ ಪ್ಲಗ್ ಕಿತ್ತು ಫ್ಯಾನಿನದನ್ನು ಚುಚ್ಚಿದ.

ಪರದೆಯಿಂದ ಕಣ್ಣು ಕೀಳದೆ ಡಾಕ್ಟ್ರು ಬೆನ್ನಿಗೆ ಬಿದ್ದ ಗಾಳಿ ಕುಡಿದ. “ನಿಮ್ಮ ಹೊಟ್ಟೆ ತಣ್ಣಗಿರಲಿ ಸ್ವಾಮಿ,” ಎಂದ.

ಆ ಬೋರ್ಡಿನಲ್ಲಿ ಕರಿ ಡಬ್ಬಿಯಿತ್ತು. ಚಾರ್ಜಿಗೆ ಹಾಕಿದ್ದ ಡಾಕ್ಟ್ರ ಫೋನೂ ಇತ್ತು.

ಡಬ್ಬಿ ಆರಿದ್ದೇ ತಡ, ಅಕ್ಕ ಹೋದಳೆಂದು ತಿಳಿದ ತಂಗಿ ಟೋಕನ್ ಕೊಡಲು ಕೂತಳು. ತಂಗಿ ಹೋದಳೆಂದು ತಿಳಿದ ಅಕ್ಕ, ದುಃಖಪಡಲೂ ಪುರುಸೊತ್ತಿಲ್ಲದೆ ಕೊಡುತ್ತಲೇ ಇದ್ದಳು. ಗೇಟಿನ ಎರಡು ಕಿಟಕಿಗಳಲ್ಲಿ ಒಂದೇ ನಂಬರಿನ ಎರಡೆರಡು ಟೋಕನ್ ಬೀಳತೊಡಗಿದವು.

ಸ್ವಲ್ಪ ಹೊತ್ತಿಗೆ ತೂಕದ ಕಟ್ಟೆಯ ಎದುರು ಎರಡು ಟ್ರ್ಯಾಕ್ಟರುಗಳು ಕಾದಾಡುವ ಟಗರುಗಳಂತೆ ಮೂತಿಗೆ ಮೂತಿ ಕೊಟ್ಟು ನಿಂತವು.

“ಎಪ್ಪತ್ತೊಂದು ನಂದು!” ಎಂದಳು ಸ್ಟಿಯರಿಂಗ್ ಹಿಡಿದ ಗಟ್ಟಿ ದನಿಯ ಹೆಂಗಸು.

“ನೋಡಮ್ಮ, ಇಲ್ಲಿ ಅಚ್ಚಾಗಿದೆ ಎಪ್ಪತ್ತೊಂದು ಅಂತ,” ಎಂದ ಎದುರಿನ ಮೀಸೆಯವನು.

“ನಂದೇನು ಮನೇಲಿ ಬಳಪದಲ್ಲಿ ಬರ್ಕೊಂಡು ಬಂದಿದ್ದೀನಾ?”

ಕಾವಲುಗಾರ ನ್ಯಾಯ ಹೇಳಲು ನಡುವೆ ಬಂದ. “ಹೋಗ್ಲಿ ಬಿಡಿ, ವಯಸ್ಸಲ್ಲಿ ದೊಡ್ಡೋರು ಮೊದಲು ಹೋಗ್ಲಿ.”

“ಯಾರನ್ನೋ ದೊಡ್ಡೋರು ಅಂದಿದ್ದು?” ಎಂದು ಹೆಂಗಸು ಟ್ರ್ಯಾಕ್ಟರನ್ನು ಸರ್ರನೆ ಹಿಂದಕ್ಕೆ ಎಳೆದಳು. ಮೀಸೆಯವನು ಮೀಸೆ ಸವರಿಕೊಂಡು ಕಟ್ಟೆ ಏರಿದ. ಅಷ್ಟರಲ್ಲಿ ಹಿಂದೆ ಎರಡು ಎಪ್ಪತ್ತೆರಡುಗಳು ತೋಳೇರಿಸುತ್ತಿದ್ದವು.

ಮ್ಯಾನೇಜರು ಒಂದು ಕೈಯಲ್ಲಿ ಬಡಿದುಕೊಳ್ಳುತ್ತಿದ್ದ ಫೋನು, ಇನ್ನೊಂದರಲ್ಲಿ ಜೋಡಿ ಟೋಕನ್ ಹಿಡಿದು ನುಗ್ಗಿ ಬಂದರು. “ಒಂದೂ ನಿಲ್ಲಬಾರದು ಅಂದ್ರೆ ಎರಡೆರಡು ಬರಬೇಕು ಅಂದ್ನೇನ್ರೀ?”

ಡಾಕ್ಟ್ರು ಕರಿ ಡಬ್ಬಿಯತ್ತ ನೋಡಿದ. ದೀಪವಿಲ್ಲ. ವೈರು ಹಿಡಿದು ತೆವಳುತ್ತ ಹೋದವನಿಗೆ ಫ್ಯಾನಿನ ಕಾಲು ಸಿಕ್ಕಿತು.

“ಇದನ್ನ ಕಿತ್ತೋರು ಯಾರು?”

“ನೀವೇ ಹರಸಿದ್ರಲ್ಲ ಡಾಕ್ಟ್ರೇ!” ಎಂದ ಗುಮಾಸ್ತ.

ಡಾಕ್ಟ್ರು ಅಕ್ಕನನ್ನು ಮಲಗಿಸಿ ಕೆಲಸವೆಲ್ಲ ತಂಗಿಗೆ ಒಪ್ಪಿಸಿದ. ಫ್ಯಾನ್ ಕಿತ್ತು, ಬೋರ್ಡಿನ ಗೊಡವೆಯೇ ಬೇಡವೆಂದು ಡಬ್ಬಿಯನ್ನು ನೇರ ಗೋಡೆಗೇ ಸಿಕ್ಕಿಸಿ ಜೀವ ಕೊಟ್ಟ. ಅಕ್ಕ ಹೊಸ ಬುದ್ಧಿ ಕುಡಿಯುತ್ತ ಮಲಗಿದ್ದಾಗ ತಾನು ಗೇಟಿಗೆ ಓಡಿ, ಟೋಕನ್ನುಗಳ ಬೆನ್ನಿಗೆ ‘ಅಕ್ಕ’, ‘ತಂಗಿ’ ಎಂದು ಬರೆದು ಒಂದು ಬಿಟ್ಟು ಒಂದರಂತೆ ಟ್ರ್ಯಾಕ್ಟರುಗಳನ್ನು ಕಟ್ಟೆಗೆ ಬಿಟ್ಟ. ಆರಡಿ ಆಳೊಬ್ಬ “ನಾನು ತಂಗೀನಾ?” ಎಂದು ತಕರಾರು ತೆಗೆದಿದ್ದನ್ನು ಬಿಟ್ಟರೆ ಸಾಲು ಕರಗುತ್ತ ಬಂತು. ಇಳಿಹೊತ್ತಿಗೆ ಎರಡೂ ದೀಪಗಳು ಹಸಿರಾಗಿ, ಒಂದನ್ನೊಂದು ವಿಚಾರಿಸಿಕೊಳ್ಳುತ್ತ ಮಿಣುಕುತ್ತಿದ್ದವು.

“ಟ್ರ್ಯಾಕ್ಟರ್ ನಿಲ್ಲಲಿಲ್ಲ, ನಿಂತಿದ್ದು ನನ್ನೆದೆ,” ಎಂದರು ಮ್ಯಾನೇಜರು. “ಹೋಗಿ, ಮಗು ಮುಖ ನೋಡ್ಕೊಂಡು ಬನ್ನಿ. ಭಾವನಿಗೆ ತಿಳಿಸಿದ್ದೀರಿ ತಾನೆ?”

ಡಾಕ್ಟ್ರು ಫೋನ್ ಒತ್ತಿದ. ಅದು ಸತ್ತು ಬಹಳ ಹೊತ್ತಾಗಿತ್ತು. ಕತ್ತಲಾದರೆ ಭಾವ ಪಾಳಿಗೆ ಬಂದೇ ಬರುತ್ತಾನಲ್ಲ ಎಂದುಕೊಂಡು “ಓಹೋ” ಎಂದವನೇ ಬಸ್ಸಿಗೆ ಓಡಿದ.

ಒಂದೇ ಸೀಟು ಖಾಲಿಯಿತ್ತು. ಪಕ್ಕದವನು ಮುಖದ ಮೇಲೆ ಟವೆಲ್ ಹೊದ್ದು ಗೊರಕೆ ಹೊಡೆಯುತ್ತಿದ್ದ. ಡಾಕ್ಟ್ರು ಮಗಳಿಗೆಂದು ಕೊಂಡಿದ್ದ ಗಿಲಕಿಯನ್ನು ಜೇಬಿನಿಂದ ತೆಗೆದು ಮೆಲ್ಲಗೆ ಆಡಿಸಿದ. ಟವೆಲ್ ಜಾರಿತು.

“ಭಾವ! ನೀವಿಲ್ಲಿ?”

“ನೀನು ಅಲ್ಲಿಲ್ವಾ?”

“ಪಾಳಿಗೆ ಬರ್ತೀರಲ್ಲ ಅಂದ್ಕೊಂಡೆ!”

“ಫೋನ್ ಬರಲಿಲ್ಲ. ಗೇಟಲ್ಲಿ ಗಲಾಟೆ ಅಂತ ಸುದ್ದಿ ಬಂತು. ಇವನ ರಜ ಮಣ್ಣುಪಾಲಾಯ್ತು, ನಾನಾದ್ರೂ ಮಗು ನೋಡ್ಕೊಂಡು ಬರೋಣ ಅಂದ್ಕೊಂಡೆ. ಮ್ಯಾನೇಜರಿಗೆ ಫೋನ್ ಮಾಡಿ ಕೇಳ್ದೆ. ಆ ಗಲಾಟೆಯಲ್ಲಿ ಯಾರು, ಏನು ಅಂತಲೂ ಕೇಳದೆ ‘ಹೋಗಿ, ಎಲ್ಲರೂ ಹಾಳಾಗಿ ಹೋಗಿ’ ಅಂದ್ರು.”

“ಹಾಗಾದ್ರೆ ರಾತ್ರಿ ಅಕ್ಕ ತಂಗಿ ಹತ್ರ ಯಾರು?”

ಕಂಡಕ್ಟರ್ ಆಗಲೇ ಸೀಟಿ ಬಾಯಿಗಿಟ್ಟಿದ್ದ.

“ನೀವು ಇಳೀರಿ ಭಾವ. ನಾನು ಮಗು ಅಪ್ಪ.”

“ಹೊಸ ಫರ್ಮ್‌ವೇರ್ ಹಾಕ್ದೋನು ನೀನು. ಅದರ ತಲೆಬುಡ ನಂಗೇನು ಗೊತ್ತು?”

“ಫೋನಲ್ಲಿ ಹೇಳ್ಕೊಡ್ತೀನಿ.”

“ಯಾವ ಫೋನಲ್ಲಿ?” ಭಾವ ಟವೆಲ್ ಮಡಚಿದ. “ಅದೂ ಇರ್ಲಿ. ನಿನ್ನ ಮದುವೆ ದಿನ ನಾನೆಲ್ಲಿದ್ದೆ ಹೇಳು?”

ಡಾಕ್ಟ್ರು ತಲೆ ತಗ್ಗಿಸಿದ. ಇಬ್ಬರಲ್ಲಿ ಒಬ್ಬ ಇರಲೇಬೇಕಲ್ಲ. ಮದುಮಗನಿಲ್ಲದೆ ಮದುವೆ ನಡೆಯುವಂತಿರಲಿಲ್ಲ. ಹಾಗಾಗಿ ಮದುಮಗಳ ಅಣ್ಣ ಯಂತ್ರ ಕಾಯುತ್ತ ಕೂತಿದ್ದ.

“ಒಡಹುಟ್ಟಿದೋಳ ಮದುವೆ ನಾನೂ ಫೋನಲ್ಲೇ ನೋಡಿದ್ದು ಕಣಯ್ಯ.”

ಡಾಕ್ಟ್ರು ಗಿಲಕಿಯನ್ನು ಅವನ ಕೈಗಿಟ್ಟು ಇಳಿದ.

“ಋಣ ತೀರ್ತು!” ಎಂದು ಭಾವ ಕಿಟಕಿಯಿಂದ ಗಿಲಕಿ ಆಡಿಸಿದ. ಬಸ್ಸು ದೂಳೆಬ್ಬಿಸಿಕೊಂಡು ಹೋಯಿತು.

ಖಾಲಿ ಟ್ರ್ಯಾಕ್ಟರುಗಳು ಎದುರಾಗುತ್ತಿದ್ದ ದಾರಿಯಲ್ಲಿ ಡಾಕ್ಟ್ರು ನಡೆದು ಬಂದ. ಗೇಟಿನಲ್ಲಿ ಕಾವಲುಗಾರ ಬೆರಗಾಗಿ ಎದ್ದು ನಿಂತ.

“ಇಷ್ಟು ಬೇಗ ಬಂದ್ಬಿಟ್ರಾ ಡಾಕ್ಟ್ರೇ! ಮಗು ಯಾರ ಥರ ಇದೆ?”

“ಸೋದರಮಾವನ ಥರ,” ಎಂದು ಡಾಕ್ಟ್ರು ಒಳಗೆ ಹೋದ.