ಅತ್ತೆ ಟ್ಯಾಂಕರಿಗೆ ದಾರಿ ಹುಡುಕಿದ್ದು

ಮಜ್ಜಿಗೆಯಿಂದ ರಸ್ತೆಗಳ ಯೋಗ್ಯತೆ ಅಳೆದ ಏಕೈಕ ಮಹಿಳೆ ನನ್ನ ಸೋದರತ್ತೆ. ನಂಬದಿದ್ದರೆ, ಅಂದು ಟೆಂಪೋದಲ್ಲಿ ಅವರ ಪಕ್ಕ ಕುಳಿತಿದ್ದವರನ್ನು ಕೇಳಿ!

ತೊಂಬತ್ತರ ದಶಕದ ಕೊನೆ. ಅರಸೀಕೆರೆಯ ಮೂಲಕ ಆಸಿಡ್ ಟ್ಯಾಂಕರುಗಳು ಹೋಗಬೇಕಿತ್ತು. ಯಾವ ದಾರಿಯಲ್ಲಿ ಎಂದು ತಾಲ್ಲೂಕು ಕಚೇರಿಯವರು ಊರಿನವರನ್ನು ಕೇಳಿದ್ದರು. ನಿವೃತ್ತ ಶಿಕ್ಷಕಿಯಾದ ಅತ್ತೆ ಅಂಚಿನವರೆಗೆ ಮಜ್ಜಿಗೆ ತುಂಬಿದ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಊರೆಲ್ಲ ಸುತ್ತಿ ಹೋಗುವ ಹಾರನಹಳ್ಳಿ ಟೆಂಪೋ ಹತ್ತಿದರು.

"ಅಮ್ಮೋರೇ, ಮುಚ್ಚಳ ಹಾಕ್ಕಳಿ!" ಎಂದ ಕ್ಲೀನರ್.

"ಮುಚ್ಚಿದ್ರೆ ರಸ್ತೆ ನಿಜ ಹೇಳಲ್ಲ ಕಣಪ್ಪ."

ಮಜ್ಜಿಗೆ ತುಳುಕಿದಲ್ಲೆಲ್ಲ, ಜೊತೆಗೆ ಹತ್ತಿದ್ದ ನಾನು ನಕ್ಷೆಯಲ್ಲಿ ಕೆಂಪು ಗುರುತು ಹಾಕಬೇಕು. ಪಂಚೆ ನೆಂದ ರೈತರೊಬ್ಬರು ಸಿಡುಕಿದಾಗ ಅತ್ತೆ, "ಆಸಿಡ್ ಆಗಿದ್ರೆ ಏನ್ ಮಾಡ್ತಿದ್ರಿ?" ಎಂದು ಸಾಂತ್ವನ ಹೇಳಿದರು.

"ಬಾಳಾ ಉಪಕಾರ ಆತು ಬುಡಿ ತಾಯಿ!" ಎಂದರು ರೈತರು.

ಒಂದು ಹನಿಯೂ ತುಳುಕದ ರಸ್ತೆ ಯಾವುದು? ನಮ್ಮದೇ ಬೀದಿ! ನಾನು ಹೌಹಾರಿದೆ. ಪತ್ರಿಕೆಗಳಿಗೆ ಬರೆದ ಪತ್ರಗಳಲ್ಲಿ ಜಾತಿಯ ದರ್ಪ, ಅಧಿಕಾರಿಗಳ ಉದಾಸೀನ, ಗುತ್ತಿಗೆದಾರರ ಲೋಭ, ಯಾವುದನ್ನೂ ಹೆಸರಿಸದೆ ಬಿಟ್ಟವಳಲ್ಲ ನಾನು. ಕೂಡಲೇ ಮನವಿ ಬರೆದೆ: ನಮ್ಮ ಬೀದಿಯಲ್ಲಿ ಶಾಲೆಯಿದೆ, ಟ್ಯಾಂಕರುಗಳನ್ನು ಕೂಲಿಕಾರರ ಓಣಿಯಲ್ಲಿ ಬಿಡಿ. ಬೀದಿಗೆ ಬೀದಿಯೇ ಸಹಿ ಹಾಕಿತು.

ಅತ್ತೆ ಓದಿ, "ಓಣಿಯೋರ ಸಹಿ ಎಲ್ಲೇ?" ಎಂದರು.

ಮರುದಿನ ಓಣಿಯ ಅಂಗನವಾಡಿಗೆ ಕರೆದೊಯ್ದು, ನನ್ನ ಎರಡೂ ಕಂಕುಳಿಗೆ ಒಂದೊಂದು ಮಗು ಏರಿಸಿ, "ಟ್ಯಾಂಕರ್ ಒಡೀತು, ಓಡು!" ಎಂದರು. ಬಾಗಿಲಿಗೆ ಓಡಿದೆ.

"ಆ ಕಡೆ ಅಲ್ಲ ಕಣೇ, ಅಲ್ಲೇ ಟ್ಯಾಂಕರ್ ಐತೆ!"

ಹಿತ್ತಿಲಿಗೆ ಓಡಿದೆ. ಎದುರಿಗೆ ಎತ್ತರದ ರೈಲ್ವೆ ಗೋಡೆ! ಮಕ್ಕಳು ಕೇಕೆ ಹಾಕಿದವು. ಅಂಗನವಾಡಿಯಾಕೆ ಹೇಳಿದರು: "ಬೇಗ ಬನ್ನಿ ಅಕ್ಕ, ಇನ್ನೂ ಹದಿನಾರು ಮಕ್ಕಳವೆ."

ಮನವಿಯನ್ನು ನಾನೇ ಹರಿದೆ. ನಾನು ಹೆಸರಿಸದೆ ಬಿಟ್ಟಿದ್ದ ಅನ್ಯಾಯ ನನ್ನ ಕೈಬರಹದಲ್ಲೇ ಇತ್ತು. ಆ ಓಟಕ್ಕೆ ಇಂದಿಗೂ ಋಣಿ.

ಅತ್ತೆ ಹೊಸ ಅರ್ಜಿ ಬರೆದರು: ನಮ್ಮ ಬೀದಿಯಲ್ಲೇ ಬಿಡಿ, ಶಾಲೆಯಿಲ್ಲದ ಭಾನುವಾರ, ನಡಿಗೆಯ ವೇಗದಲ್ಲಿ. "ನಮ್ಗೆ ಓಡೋಕೆ ನಾಲ್ಕು ದಾರಿ ಐತೆ" ಎಂದರು. ಕಚೇರಿ ಒಪ್ಪಿತು, ಬೀದಿಯವರು ಅತ್ತೆಯೊಡನೆ ಮಾತು ಬಿಟ್ಟರು.

ಮೊದಲ ಭಾನುವಾರ ಎಲ್ಲರೂ ಬಾಗಿಲು ಹಾಕಿಕೊಂಡರು. ಅತ್ತೆ ಮಾತ್ರ ಗೇಟಿನ ಬಳಿ ನಿಂತರು, ಪಕ್ಕದಲ್ಲಿ ನಾನು. ಅವರಿಗೆ ಭಯವೆಂಬುದೇ ಇಲ್ಲವೆಂದು ತಿಳಿದಿದ್ದೆ. ತಿರುವಿನಲ್ಲಿ ಟ್ಯಾಂಕರ್ ಕಂಡಾಗ ನನ್ನ ಕೈ ಹಿಡಿದುಕೊಂಡರು. ನನ್ನ ಬಳೆ ಒತ್ತಿ ನೋಯುವಷ್ಟು ಬಿಗಿಯಾಗಿ.

"ಒಳಗೆ ಹೋಗೋಣ್ವಾ ಅತ್ತೆ?"

"ಬೇಡ ಕಣೇ. ಈ ದಾರೀಲಿ ಬಾ ಅಂದೋಳು ನಾನಲ್ವಾ?"

ಟ್ಯಾಂಕರ್ ದಾಟಿ ಬಹಳ ಹೊತ್ತಾದರೂ ಆ ಕೈ ಬಿಡಲು ನನಗೆ ಮನಸ್ಸಾಗಲಿಲ್ಲ.