ಶುದ್ಧ ಗಾಳಿಯ ಬಾಬ್ತು ಸಂಬಳ ಕಡಿತ

ಇಂದ:
ಲಿಫ್ಟ್ ಮೆಕ್ಯಾನಿಕ್, ಸಣ್ಣ ನಗರದ ಶಾಖೆ
ವಾಸ: ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಹಡಿ

ಗೆ:
ಅಧ್ಯಕ್ಷರು, ಎರಡು ನಗರಗಳ ಜೀವನವೆಚ್ಚ ಮತ್ತು ಜೀವನಮಟ್ಟ ಹೋಲಿಕಾ ಸಮಿತಿ
ಕೇಂದ್ರ ಕಚೇರಿ, ದೊಡ್ಡ ನಗರ

ವಿಷಯ: ಉಸಿರಾಡಿದ್ದಕ್ಕೆ ಸಂಬಳ ಕತ್ತರಿಸಿರುವ ಬಗ್ಗೆ.

ಉಲ್ಲೇಖ: ತಮ್ಮ ಆದೇಶ ಹಾಗೂ ಅರ್ಜಿದಾರನ ಅಮ್ಮನ ಉಬ್ಬಸ.

ಮಾನ್ಯರೇ,

೧. ಸದರಿ ಅರ್ಜಿದಾರನನ್ನು ದೊಡ್ಡ ನಗರದಿಂದ ಇಲ್ಲಿಗೆ ವರ್ಗ ಮಾಡಿ, ಇಲ್ಲಿ ಖರ್ಚು ಕಡಿಮೆಯೆಂಬ ಕಾರಣಕ್ಕೆ ಸಂಬಳದ ಕಾಲುಭಾಗವನ್ನೂ, ಗಾಳಿ ಚೆನ್ನಾಗಿದೆಯೆಂಬ ಕಾರಣಕ್ಕೆ ಇನ್ನಷ್ಟನ್ನೂ ಕತ್ತರಿಸಲಾಗಿದೆ.

೨. ತಮ್ಮ ಸಮಿತಿಯ ಪುಣ್ಯಾತ್ಮರು ಇಲ್ಲಿಗೆ ಬಂದು, ಕಂಪನಿಯ ಅತಿಥಿಗೃಹದಲ್ಲಿ ಉಂಡು, ಮಲಗಿ, ಎದ್ದು ಹೋದರು. ಪೇಟೆಗೆ ಕಾಲಿಡಲಿಲ್ಲ. ತರಕಾರಿ ರೇಟು ಕೇಳಿದ್ದು ಅಡುಗೆಯವನನ್ನು. ಅವನು, "ಹಿತ್ತಲಲ್ಲೇ ಬೆಳೀತೀವಿ ಸಾರ್, ದುಡ್ಡೆಲ್ಲಿ ಕೊಡ್ತೀವಿ?" ಅಂದ. ಆದಕಾರಣ ವರದಿಯಲ್ಲಿ ತರಕಾರಿ ಉಚಿತ. ಅತಿಥಿಗೃಹಕ್ಕೆ ಅವರು ಬಾಡಿಗೆ ಕೊಡಲಿಲ್ಲವಾದ್ದರಿಂದ ಮನೆಯೂ ಹೆಚ್ಚುಕಡಿಮೆ ಉಚಿತ. ಇಂಥ ಬುದ್ಧಿವಂತರನ್ನು ಹೆತ್ತವರ ಹೊಟ್ಟೆ ತಣ್ಣಗಿರಲಿ.

೩. ಅರ್ಜಿದಾರನ ಅಮ್ಮ ದೊಡ್ಡ ನಗರದಲ್ಲಿ, ಅಕ್ಕನ ಮನೆಯಲ್ಲಿ, ಹೊಗೆಗೆ ಹೆದರಿ ಕಿಟಕಿ ಮುಚ್ಚಿಕೊಂಡು ಕೂತಿದ್ದಾಳೆ. ಇಲ್ಲಿಗೆ ಕರೆತಂದರೆ ಬದುಕಿಕೊಂಡಾಳು ಎಂಬುದೊಂದೇ ಅವನ ಆಸೆ. ಆದರೆ ಉಳಿದ ಸಂಬಳಕ್ಕೆ ನೆಲಮಹಡಿ ಸಿಗದೆ, ಊರವರಿಗೆಲ್ಲ ಲಿಫ್ಟ್ ರಿಪೇರಿ ಮಾಡುವವನಿಗೆ ಮೆಟ್ಟಿಲೇ ಗತಿಯಾಯಿತು. ಅಮ್ಮ ಒಮ್ಮೆ ಬಂದಳು. ಎರಡನೇ ಮಹಡಿಯಲ್ಲೇ ಕುಸಿದು ಕೂತು, "ನಿಮ್ಮೂರಿನ ಗಾಳಿ ತುಂಬ ಎತ್ತರದಲ್ಲಿದೆ ಕಣೋ ಮಗಾ, ನನ್ ಕೈಲಾಗಲ್ಲ" ಎಂದು ನಗಲು ನೋಡಿದಳು. ನಗುವುದಕ್ಕೂ ಉಸಿರು ಸಾಲಲಿಲ್ಲ. ಮರುದಿನವೇ ಅರ್ಜಿದಾರನು ಅವಳನ್ನು ಅಕ್ಕನ ಮನೆಗೆ ಬಿಟ್ಟುಬಂದ.

೪. ಆದ್ದರಿಂದ, ನೆಲಮಹಡಿ ಹಿಡಿಯುವಷ್ಟಾದರೂ ಸಂಬಳ ಮರಳಿಸಿರೆಂದು ಫೋನಿನಲ್ಲಿ ಬೇಡಿಕೊಳ್ಳಲಾಗಿ, ತಮ್ಮ ಗುಮಾಸ್ತರು, "ಅಮ್ಮನೂ ಬರ್ತಾರೇನ್ರೀ? ಹಾಗಾದ್ರೆ ಗಾಳಿ ಕುಡಿಯೋರು ಇಬ್ರಾದ್ರಲ್ಲ, ಕಡಿತ ಜಾಸ್ತಿ ಆಗುತ್ತೆ" ಎಂದು ಅಪ್ಪಣೆ ಕೊಡಿಸಿದರು. ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಬೈಗುಳ ಕೇಳಿ ಅರ್ಜಿದಾರನಿಗೆ ಅಭ್ಯಾಸವಿದೆ. ಇದು ಬೈಗುಳವೂ ಅಲ್ಲವಾದ್ದರಿಂದ, ಫೋನಿಟ್ಟು ಈ ಅರ್ಜಿ ಬರೆಯಲು ಕೂತ.

ಕಾರಣ, ಸದರಿ ಕಡಿತವನ್ನು ರದ್ದುಪಡಿಸಬೇಕು. ನಿಯಮದಲ್ಲಿ ಅವಕಾಶವಿಲ್ಲವೆಂದಾದರೆ, ಅರ್ಜಿದಾರನು ಸಂಬಳ ತೆತ್ತು ಕೊಂಡಿರುವ ಗಾಳಿಯನ್ನು ಅಕ್ಕನ ಮನೆಯ ವಿಳಾಸಕ್ಕೆ, ಅಮ್ಮನ ಹೆಸರಿಗೆ ಕಳುಹಿಸಿಕೊಡಬೇಕು.

ಕಡಿತಕ್ಕೊಳಗಾಗಿಯೂ ಉಸಿರಾಡುತ್ತಿರುವ,
ತಮ್ಮ ವಿಶ್ವಾಸಿ,
ಲಿಫ್ಟ್ ಮೆಕ್ಯಾನಿಕ್

ಲಗತ್ತು: ಸಂಬಳದ ಚೀಟಿ, ಅಮ್ಮನ ಔಷಧಿ ಚೀಟಿ.

ವಿ.ಸೂ.: ಗಾಳಿ ರವಾನೆಯಾಗುವ ದಿನವನ್ನು ದಯವಿಟ್ಟು ಮುಂಚಿತವಾಗಿ ತಿಳಿಸುವುದು. ಅಮ್ಮ ಕಿಟಕಿ ತೆಗೆದಿಡುತ್ತಾಳೆ.