ಒಡೆಯಲೊಲ್ಲದ ಬಿಲ್ಲೆಗಳು

ನನ್ನ ಹಣೆಬರಹವೇ ಹೀಗೆ. ಬೇರೆಯವರು ನಿವೃತ್ತಿಯಾದ ಮೇಲೆ ಕಾಶಿಗೆ ಹೋಗಿ ಸುಖವಾಗಿ ತಿರುಗಿ ಬರುತ್ತಾರೆ. ನಾನು ಹಾಲು ತರಲು ಅಂಗಡಿಗೆ ಹೋದರೂ ಒಂದು ರಗಳೆ ಅಂಟಿಸಿಕೊಂಡೇ ಬರುವವನು. ಈ ಬಿಲ್ಲೆ ಹೊಡೆಯುವ ಹುಚ್ಚು ಹಿಡಿದ ಮೇಲಂತೂ ಕೇಳುವುದೇ ಬೇಡ.

ಶುರುವಾದದ್ದು ಅಂಗಿಯಿಂದ

ಕುಮಟೆಯಲ್ಲಿ ಟೈಪಿಸ್ಟ್ ಆಗಿದ್ದೆ. ತಾಲೂಕಿನ ತಂಟೆ ತಕರಾರನ್ನೆಲ್ಲ ಈ ಬೆರಳುಗಳಿಂದಲೇ ಕುಟ್ಟಿದವನು. ಕೆಲಸ ಮುಗಿಯಿತು, ಸಂಧಿವಾತ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಕೈಯಲ್ಲಿ ಬೆರಳಿಲ್ಲ, ಶುಂಠಿ ಗಡ್ಡೆ ಇದೆ! ಅಂಗಿಯ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ. ಹೆಂಡತಿಯ ಎದುರು ಎದೆಯುಬ್ಬಿಸಿ ನಿಲ್ಲಬೇಕು, ಅವಳು ಒಂದೊಂದಾಗಿ ಹಾಕಬೇಕು. ಆಗೆಲ್ಲ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಸುಳ್ಳೇಕೆ ಹೇಳಲಿ, ಅಳುವೇ ಬರುತ್ತಿತ್ತು.

ಡಾಕ್ಟರು ಹೇಳಿದರು, "ಬೆರಳು ಆಡಿಸ್ತಾ ಇರಿ. ಇಲ್ಲದಿದ್ರೆ ಹಾಗೇ ಕೂತುಹೋಗ್ತದೆ."

"ಎಂತ ಮಾಡಿ ಆಡಿಸೂದು?"

"ನಿಮಗೆ ಮನಸ್ಸಿಗೆ ಬಂದದ್ದು ಎಂತಾದ್ರೂ ಮಾಡಿ."

ಪಾಪ, ಅವರು ರಬ್ಬರ್ ಚೆಂಡು ಹಿಚುಕುವುದನ್ನು ಮನಸ್ಸಿನಲ್ಲಿಟ್ಟು ಹೇಳಿದ್ದು. ನನ್ನ ಮನಸ್ಸಿಗೆ ಬಂದದ್ದು ಕೋವಿ. ಹೊನ್ನಾವರದ ಮೇಲಿನ ಗುಡ್ಡದಲ್ಲಿ, ಕಲ್ಲು ತೆಗೆದು ಬಿಟ್ಟ ಹಳೇ ಚಿರೆಕಲ್ಲು ಕೋರೆಯಲ್ಲಿ, ಸೈನ್ಯದಿಂದ ಬಂದ ಸುಬೇದಾರರೊಬ್ಬರು ಪರವಾನಗಿ ಎಲ್ಲ ಮಾಡಿಸಿ ಗುರಿ ಕಲಿಸುತ್ತಿದ್ದರು. ಚಾ ಕಪ್ಪಿನ ಬಸಿಯಷ್ಟು ದೊಡ್ಡ ಮಣ್ಣಿನ ಬಿಲ್ಲೆಯನ್ನು ಒಬ್ಬರು ಆಕಾಶಕ್ಕೆ ಬೀಸಿ ಎಸೆಯುವುದು, ಇನ್ನೊಬ್ಬರು ಅದನ್ನು ಗಾಳಿಯಲ್ಲೇ ಹೊಡೆದು ಒಡೆಯುವುದು. ಇಷ್ಟೇ ಆಟ.

ಹೆಂಡತಿಗೆ ಹೇಳಿದೆ. "ಗುಂಡಿ ಹಾಕೂಕೆ ಬರದ ಕೈಗೆ ಕೋವಿ ಕೊಡೂರು ಯಾರು?" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. "ನೋಡ್ತಾ ಇರು. ಒಂದು ಬಿಲ್ಲೆ, ಒಂದೇ ಒಂದು ಬಿಲ್ಲೆ, ಈ ಕೈಯಲ್ಲೇ ಒಡೀತೆ. ಆಮೇಲೆ ಬೇಕಾದ್ರೆ ಕೈ ಕೂತು ಹಾಳಾಗಿ ಹೋಗ್ಲಿ!"

"ಆತು, ಒಡೀರಿ. ಈಗ ಸ್ವಲ್ಪ ಈಚೆ ತಿರ್ಗಿ, ಮೇಲಿನ ಗುಂಡಿ ಹಾಕೂದು ಉಳೀತು."

ತಡವಾಗಿ ಹೊರಟ ಈಡು

ಕೋರೆಯಲ್ಲಿ ಬಿಲ್ಲೆ ಎಸೆಯಲು ನಿಂತವರು ನಮ್ಮ ಡ್ರಿಲ್ ಮಾಸ್ತರು. ಅವರೂ ನಿವೃತ್ತರೇ. ಆದರೆ ತೋಳು ಇನ್ನೂ ಶಾಲೆಯಲ್ಲೇ ಇದೆ, ಬೀಸಿದರೆ ಬಿಲ್ಲೆ ಸೊಂಯ್ ಎಂದು ಹೋಗುತ್ತದೆ.

ಮೊದಲ ದಿನ ಸುಬೇದಾರರು "ಹೊಡೀರಿ!" ಎಂದರು. ನಾನು ಕೋವಿಯ ಕುದುರೆಗೆ, ಅಂದರೆ ಟ್ರಿಗರಿಗೆ, ಬೆರಳು ಹಾಕಿ ಎಳೆಯತೊಡಗಿದೆ. ಬೆರಳು ಮಡಚಲು ಒಪ್ಪಲಿಲ್ಲ. ಅದರೊಡನೆ ಮಾತುಕತೆ ನಡೆಸುತ್ತಿದ್ದಂತೆ ಬಿಲ್ಲೆ ಮೇಲೆ ಹೋಯಿತು, ಕೆಳಗೆ ಬಿತ್ತು. ಇವತ್ತಿಗೆ ಇಷ್ಟೇ ಎಂದುಕೊಂಡ ಮಾಸ್ತರು ಪಂಚೆ ಎತ್ತಿ ಕಟ್ಟಿ ಅದನ್ನು ಹೆಕ್ಕಲು ಹೊರಟರು. ಆಗ ಬೆರಳು ಒಪ್ಪಿತು. ಢಂ!

ಪುಣ್ಯಕ್ಕೆ ನಳಿಗೆ ಆಕಾಶ ನೋಡುತ್ತಿತ್ತು. ಮಾಸ್ತರು ಮಾತ್ರ ನೆಲಕ್ಕೆ ಅಂಟಿಕೊಂಡು ಬಿದ್ದಿದ್ದರು.

"ಎಂತದ್ರಾ ಇದು!" ಎಂದು ಬಿದ್ದಲ್ಲಿಂದಲೇ ಕೂಗಿದರು. "ಈಡು ಯಾವಾಗ ಹೊರಡ್ತದೆ ಅಂತ ನಿಮಗಾದ್ರೂ ಗೊತ್ತುಂಟಾ?"

ನನಗೂ ಗೊತ್ತಿರಲಿಲ್ಲ. ಅಂದಿನಿಂದ ಅವರು ಬಿಲ್ಲೆ ಎಸೆದ ಕೂಡಲೇ ಓಡಿ ದೊಡ್ಡ ಕಲ್ಲಿನ ಹಿಂದೆ ಕೂತು, ಕಣ್ಣು ಮುಚ್ಚಿ, ಎರಡೂ ಕಿವಿಗೆ ಬೆರಳು ತುರುಕಿಕೊಳ್ಳತೊಡಗಿದರು. ಈಡಿನ ಧಕ್ಕೆಗೆ ನಾನೂ ಹಿಂದಕ್ಕೆ ಬೀಳುತ್ತಿದ್ದೆ. ಅದಕ್ಕಾಗಿ ಸುಬೇದಾರರು ನನ್ನ ಬೆನ್ನಿಗೆ ಹೆಗಲು ಕೊಟ್ಟು, ತಲೆ ತಗ್ಗಿಸಿ, ಕೆಟ್ಟುನಿಂತ ಜೀಪು ನೂಕುವ ಹಾಗೆ ನಿಲ್ಲುತ್ತಿದ್ದರು. "ಸೈನ್ಯದಲ್ಲೂ ಇಷ್ಟು ಕಷ್ಟ ಇರಲಿಲ್ಲ ರಾಯರೆ" ಎಂದು ಬೆನ್ನ ಹಿಂದಿನಿಂದ ದನಿ ಬರುತ್ತಿತ್ತು.

ಬಿಲ್ಲೆಗೆ ಸನ್ಮಾನ

ದೂರದಿಂದ ತರಿಸಿದ ಬಿಲ್ಲೆಗಳೆಲ್ಲ ನನ್ನ ಈಡಿಗಲ್ಲ, ನೆಲಕ್ಕೆ ಬಿದ್ದು ಮುಗಿದವು. ಸುಬೇದಾರರು ಭಟ್ಕಳದ ಹತ್ತಿರ ಹೆಬಳೆಯಲ್ಲಿ ಮಡಕೆ ಮಾಡುವ ಒಬ್ಬ ಅಜ್ಜನನ್ನು ಹುಡುಕಿದರು. ಅಜ್ಜ ಇಡೀ ಕಥೆ ಕೇಳಿ ಹೇಳಿದ, "ಒಡಿಯೂಕೆ ಅಂತಲೇ ಮಾಡ್ಸೂದಾ? ಹಂಗೆ ಮಾಡಿದ್ರೆ ಊರಲ್ಲಿ ನನ್ನ ಮರ್ಯಾದಿ ಎಂತ ಆಗೂದು?"

ಆದರೂ ಮಾಡಿಕೊಟ್ಟ. ಚಂದದ ಕೆಂಪು ಬಿಲ್ಲೆಗಳು, ಬೆರಳಿನಿಂದ ತಟ್ಟಿದರೆ ಗಂಟೆಯ ಹಾಗೆ ನಾದ. ನೋಡಲು ತಾನೂ ಬಂದ.

ಅವತ್ತು ಏನು ಗ್ರಹಗತಿ ಕೂಡಿತ್ತೋ, ನನ್ನ ಈಡು ತಾಗಿತು! ಟಣ್ ಎಂದದ್ದು ಎಲ್ಲರಿಗೂ ಕೇಳಿತು. ಬಿಲ್ಲೆ ಗಾಳಿಯಲ್ಲಿ ಒಮ್ಮೆ ಬೆಚ್ಚಿ, ಹಾಗೇ ಇಳಿದು ಬಂದು, ಚಿರೆಕಲ್ಲಿನ ಮೇಲೆ ಬಿದ್ದು ಉರುಳಿ ನಿಂತಿತು. ಇಡಿಯಾಗಿ! ಅಜ್ಜ ಓಡಿ ಹೋಗಿ ಎತ್ತಿ, ಟವೆಲಿನಿಂದ ಒರೆಸಿ, ಎಲ್ಲರಿಗೂ ತೋರಿಸಿದ.

"ಕಂಡ್ರಾ? ಕೋವಿ ಈಡು ತಿಂದೂ ಒಂದು ಬಿರುಕು ಬಿಡ್ಲಿಲ್ಲ!"

ಮಾಸ್ತರು ಕಲ್ಲಿನ ಹಿಂದಿನಿಂದ ಬಂದು ಅಜ್ಜನ ಕೈ ಕುಲುಕಿದರು. ಸುಬೇದಾರರೂ ಶಹಬ್ಬಾಸ್ ಎಂದರು. ಹೊಡೆದವನನ್ನು ಯಾರೂ ಕೇಳಲಿಲ್ಲ. ಒಡೆದಿಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ. ಬಿಲ್ಲೆಗಳನ್ನು ಹೆಂಡತಿ ಮನೆಗೆ ತರಿಸಿಕೊಂಡಳು. ಈಗ ನಮ್ಮ ಮನೆಯಲ್ಲಿ ಮುಚ್ಚಳವಿಲ್ಲದ ಉಪ್ಪಿನಕಾಯಿ ಭರಣಿ ಒಂದೂ ಇಲ್ಲ.

ಹೆದ್ದಾರಿಯ ಗುರಿ

ಅಜ್ಜನ ಕಾಲಿಗೆ ಬೀಳುವುದೊಂದು ಬಾಕಿ. "ಮಾರಾಯ, ಸ್ವಲ್ಪ ಹಸಿಹಸಿ ಸುಡು. ತೆಳ್ಳಗೆ ಮಾಡು. ನನ್ನ ಕೈ ಪೂರ್ತಿ ಕೂತುಹೋಗೂಕಿಂತ ಮುಂಚೆ ಒಂದಾದ್ರೂ ಒಡೀಬೇಕು." ಮಳೆಗಾಲವೂ ಬಾಗಿಲಿಗೆ ಬಂದಿತ್ತು. ಒಂದು ಮಳೆ ಬಿದ್ದರೆ ಕೋರೆ ಕೆರೆಯಾಗುತ್ತದೆ, ಆಟ ಬಂದ್. ಮುಂದಿನ ವರ್ಷಕ್ಕೆ ಈ ಬೆರಳು ಇರುತ್ತದೆ ಎಂಬ ಆಸೆ ನನಗಿರಲಿಲ್ಲ.

ಅಜ್ಜ ಯಾರದೋ ಸೂತಕಕ್ಕೆ ಕೂತವನ ಮುಖ ಮಾಡಿಕೊಂಡು ಅರೆಬೆಂದ ಬಿಲ್ಲೆ ಮಾಡಿದ. ಅವು ಹೇಗೆ ಸಾಯುತ್ತವೋ ನೋಡುತ್ತೇನೆಂದು ನನ್ನೊಟ್ಟಿಗೆ ಬಸ್ಸನ್ನೂ ಹತ್ತಿದ. ಪೆಟ್ಟಿಗೆ ನನ್ನ ತೊಡೆಯ ಮೇಲೆ. ಬೆರಳಿನಲ್ಲಿ ಹಿಡಿಯಲು ಬಾರದ್ದರಿಂದ ಎರಡೂ ತೋಳಿನಲ್ಲಿ ಅಪ್ಪಿ ಕೂತಿದ್ದೆ. ಭಟ್ಕಳದಿಂದ ಹೊನ್ನಾವರದವರೆಗೆ ರಸ್ತೆ ಅಗಲವಾಗುತ್ತಲೇ ಇದೆ, ಎಷ್ಟು ವರ್ಷದಿಂದ ಎಂದು ಕೇಳಬೇಡಿ. ಪ್ರತಿ ಹೊಂಡಕ್ಕೂ ಪೆಟ್ಟಿಗೆಯೊಳಗೆ ಚಟ್ ಎನ್ನುತ್ತಿತ್ತು. ಪ್ರತಿ ಚಟ್‌ಗೂ ಅಜ್ಜ "ಅಯ್ಯೋ" ಎನ್ನುತ್ತಿದ್ದ.

ಕೋರೆಯಲ್ಲಿ ಸುಬೇದಾರರು ಮುಚ್ಚಳ ತೆಗೆದರು. ಒಳಗೆ ಚೂರು, ಪುಡಿ. ತಳದಲ್ಲಿ ಒಂದೇ ಒಂದು ಬಿಲ್ಲೆ ಇಡಿಯಾಗಿತ್ತು.

"ಭಲೇ ರಾಯರೆ" ಎಂದರು. "ಕೋವಿ ಮುಟ್ಟದೇ ಇಷ್ಟೆಲ್ಲ ಒಡೆದಿದ್ದೀರಿ!"

ಕೊನೆಯ ಬಿಲ್ಲೆ

ಆಕಾಶ ಕಪ್ಪಾಗುತ್ತಿತ್ತು. ಇದ್ದದ್ದು ಒಂದೇ ಬಿಲ್ಲೆ. ಮಾಸ್ತರು ದೇವರನ್ನು ನೆನೆದು ಎಸೆದು ಕಲ್ಲಿನ ಹಿಂದೆ ಓಡಿ ಕಣ್ಣು ಮುಚ್ಚಿದರು. ಸುಬೇದಾರರು ನನ್ನ ಬೆನ್ನಿಗೆ ತಲೆಯಿಟ್ಟರು. ಅಜ್ಜ, ತನ್ನ ಕೈಯಾರೆ ಮಾಡಿದ್ದು ಸಾಯುವುದನ್ನು ನೋಡಲಾರೆ ಎಂದು ಆಚೆ ತಿರುಗಿ ಕೂತ. ನಾನು ಎಳೆದೆ. ಬೆರಳಿನಲ್ಲಿ ಪ್ರಾಣ ಹೋಗುವಷ್ಟು ನೋವು. ಢಂ!

ಬಿಲ್ಲೆ ಪುಡಿಪುಡಿ! ನನ್ನ ಕಣ್ಣೆದುರೇ, ಗಾಳಿಯಲ್ಲೇ!

"ಒಡೀತು! ಒಡೀತು!" ಎಂದು ಕೂಗಿದೆ.

ಮೂವರೂ ತಲೆಯೆತ್ತಿ ಕೇಳಿದರು, "ಎಲ್ಲಿ?"

ಅಜ್ಜ ಹೋಗಿ ಚೂರು ಹೆಕ್ಕಿ, ಮೂಸಿ ನೋಡಿ ತೀರ್ಪು ಕೊಟ್ಟ. "ಇದು ಬಿದ್ದು ಒಡೆದದ್ದು. ಅರೆಬೆಂದದ್ದಲ್ದಾ?"

ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಕೈಯೆತ್ತಿದರೆ ಕೋವಿಯೂ ಒಟ್ಟಿಗೇ ಬಂತು. ಬೆರಳಿನ ಗಂಟು ಬಾತು, ಕುದುರೆಯ ಸುತ್ತಲಿನ ಬಳೆಯಲ್ಲಿ ಸಿಕ್ಕಿಬಿದ್ದಿತ್ತು! ಸುಬೇದಾರರು ತೋಟೆಗಳನ್ನು ತೆಗೆದು ಕೋವಿ ಖಾಲಿ ಮಾಡಿದರು. ಎಳೆದರು, ತಿರುಗಿಸಿದರು. ನಾನು ಬೊಬ್ಬೆ ಹೊಡೆದೆ. ಗುಡ್ಡ ಇಳಿದು ವೆಲ್ಡಿಂಗ್ ಅಂಗಡಿಗೆ ಹೋದೆವು. ಅಂಗಡಿಯವನು ಎಲ್ಲ ನೋಡಿ, "ಎಂತ ಕೊಯ್ಯೂದು, ಕೋವಿಯಾ ಬೆರಳಾ?" ಎಂದು ಕೇಳಿದ. ಸುಬೇದಾರರು ಉತ್ತರ ಕೊಡುವ ಮುಂಚೆ ಸ್ವಲ್ಪ ಯೋಚಿಸಿದ್ದನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ.

"ಕೊಯ್ಯೂದು ಬೇಡ, ಮನೆಗೆ ಹೋಗ್ವ" ಎಂದೆ. ನಾಲ್ವರೂ ಸುಬೇದಾರರ ವ್ಯಾನಿನಲ್ಲಿ ಕುಮಟೆಗೆ ಹೊರಟೆವು. ದಾರಿಯಲ್ಲಿ ಪೊಲೀಸರು ಕೈ ಅಡ್ಡ ಮಾಡಿದರು.

"ಯಾರದ್ದು ಕೋವಿ?"

ಸುಬೇದಾರರು ಪರವಾನಗಿ ತೆಗೆದು, "ಕೋವಿ ನನ್ನದು, ಕೈ ಇವರದ್ದು" ಎಂದರು.

"ಕೆಳಗಿಡಿ ಅದನ್ನ!"

"ಇಡೂಕೆ ಆಗಿದ್ರೆ ಇಲ್ಲೀ ತನಕ ಯಾಕೆ ಬರ್ತಿದ್ದೆ ಸಾಹೇಬ್ರೆ?" ಎಂದು ನಾನು ಅತ್ತೇಬಿಟ್ಟೆ. ಅವರು ಬೆರಳನ್ನು ನೋಡಿದರು. ಪರವಾನಗಿ ತಿರುಗಿ ಕೊಟ್ಟು, "ನಮ್ಮ ಅಮ್ಮಂದೂ ಹಿಂಗೇ. ತೆಂಗಿನೆಣ್ಣೆ ಹಚ್ಚಿ, ಹೋಗಿ" ಎಂದರು.

ಮನೆಯಲ್ಲಿ ಹೆಂಡತಿ ಎಣ್ಣೆ ಬಿಸಿ ಮಾಡಿ ತಂದು, ನನ್ನ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಕೋವಿಯೂ ಮಡಿಲಲ್ಲೇ. ಪ್ರತಿದಿನ ಆ ಬೆರಳು ಹಿಡಿದವಳಲ್ಲವೇ, ಯಾವ ಗಂಟು ಎತ್ತ ತಿರುಗುತ್ತದೆ ಎಂದು ಅವಳಿಗೆ ಗೊತ್ತು. ಮೆಲ್ಲಗೆ ನೀವಿ ನೀವಿ ಬೆರಳು ಬಿಡಿಸಿದಳು. ನೋಯಲೇ ಇಲ್ಲ. ಇಷ್ಟು ದಿನ ಕ್ಯಾಲೆಂಡರ್ ನೋಡುತ್ತ ನಿಂತು ಎಂಥ ಸುಖವನ್ನು ಕಳೆದುಕೊಂಡೆ ಎಂದು ಆಗ ಹೊಳೆಯಿತು.

"ತಾಗಿತಾ?" ಎಂದು ಕೇಳಿದಳು.

"ತಾಗಿತು. ಪುಡಿಪುಡಿ ಆತು. ಇವರು ಯಾರೂ ನೋಡ್ಲಿಲ್ಲ."

ಅವಳು ನನ್ನ ಮುಖ ನೋಡಿದಳು. "ಇವರು ನೋಡೂದು ಎಂತಕ್ಕೆ? ನಿಮಗೆ ಸುಳ್ಳು ಹೇಳೂಕೆ ಬರೂದಿಲ್ಲ. ತಾಗಿದೆ." ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. "ಕೋವಿ ಹೊಡಿಯೂ ಕೈಗೆ ಇನ್ನು ನಾನ್ಯಾಕೆ? ನಾಳೆಯಿಂದ ಅಂಗಿ ಗುಂಡಿ ನೀವೇ ಹಾಕ್ಕಣಿ."

ನಾನು ಗಾಬರಿಯಿಂದ ಆ ಮೂವರ ಕಡೆ ತಿರುಗಿದೆ.

"ಹೇಳಿ ಮಾರಾಯ್ರೆ! ತಾಗ್ಲಿಲ್ಲ, ಬಿದ್ದು ಒಡೆದದ್ದು ಅಂತ ಹೇಳಿ!"